ಹುಲ್ಲುಹಾಸಿಗೊಂದು ಮೇರೆ – ಗೊಬ್ಬರಕ್ಕೆ ಮುನ್ನ ಅಂಚಿನ ಆರೈಕೆ

ಹೊಲಕ್ಕೆ ಬದು, ಕೆರೆಗೆ ಏರಿ, ಮನೆಗೆ ಹೊಸ್ತಿಲು. ಇವು ಮೂರೂ ನಮ್ಮ ಹಿರಿಯರು ಹಾಕಿಕೊಟ್ಟ ಮೇರೆಗಳು. ಬದುವಿಲ್ಲದ ಹೊಲದ ಮಣ್ಣು ಹಳ್ಳದ ಪಾಲಾಗುತ್ತದೆ. ಏರಿ ಒಡೆದ ಕೆರೆಯ ನೀರು ಊರನ್ನೇ ನುಂಗುತ್ತದೆ. ಇಷ್ಟೆಲ್ಲ ಬಲ್ಲ ನಾವು, ಮನೆಯ ಮುಂದಿನ ಹತ್ತಡಿ ಹುಲ್ಲುಹಾಸಿನ ವಿಷಯದಲ್ಲಿ ಮಾತ್ರ ಮೇರೆಯನ್ನು ಮರೆತುಬಿಡುತ್ತೇವೆ. ಹುಲ್ಲು ಹೂವಿನ ಪಾತಿಗೆ ನುಗ್ಗುತ್ತದೆ, ಕಾಲುದಾರಿಯ ಚಪ್ಪಡಿಗಳನ್ನು ಮುಚ್ಚುತ್ತದೆ, ಗಿಡಗಳ ಬುಡವನ್ನು ಸುತ್ತಿಕೊಳ್ಳುತ್ತದೆ. ಮಳೆಗಾಲ ಹತ್ತಿರವಾದೊಡನೆ ಅಂಗಡಿಯಿಂದ ಗೊಬ್ಬರ ತಂದು ಎಲ್ಲದರ ಮೇಲೂ ಒಂದೇ ಸಮನೆ ಎರಚಿ ಕೈತೊಳೆದುಕೊಳ್ಳುತ್ತೇವೆ. ಗೊಬ್ಬರ ತಿನ್ನಬೇಕಾದ ಹುಲ್ಲು ಅರ್ಧ ತಿನ್ನುತ್ತದೆ. ಉಳಿದರ್ಧವನ್ನು ಕಳೆ ತಿನ್ನುತ್ತದೆ, ಚರಂಡಿ ಕುಡಿಯುತ್ತದೆ.

ನಗರಗಳಲ್ಲಿ ಸ್ವಂತ ಮನೆ ಕಟ್ಟಿಕೊಂಡ ನಮ್ಮ ಕುಟುಂಬಗಳಲ್ಲಿ ಅನೇಕರು ಅಂಗಳದಲ್ಲೊಂದು ಹುಲ್ಲುಹಾಸನ್ನು ಬೆಳೆಸಿದ್ದಾರೆ. ವಿದ್ಯಾಸಂಸ್ಥೆಗಳ ಆವರಣದಲ್ಲಿ, ಕಲ್ಯಾಣಮಂಟಪಗಳ ಮುಂಭಾಗದಲ್ಲಿ, ವಿದ್ಯಾರ್ಥಿನಿಲಯಗಳ ಎದುರಿನಲ್ಲಿಯೂ ಹಸಿರು ಹಾಸು ಸಾಮಾನ್ಯವಾಗಿದೆ. ಆದುದರಿಂದ ಋತುಮಾನದ ಗೊಬ್ಬರ ಕೊಡುವುದಕ್ಕೆ ಮುಂಚೆ ಹುಲ್ಲುಹಾಸಿನ ಅಂಚನ್ನು ಏಕೆ ಕತ್ತರಿಸಿ ಸರಿಪಡಿಸಬೇಕು, ಅದನ್ನು ಹೇಗೆ ಮಾಡಬೇಕು, ಮಾಡದಿದ್ದರೆ ಕಳೆದುಕೊಳ್ಳುವುದೇನು ಎಂಬುದನ್ನು ಓದುಗ ಬಂಧುಗಳ ಮುಂದಿಡಲು ಈ ಲೇಖನದಲ್ಲಿ ಯತ್ನಿಸಿದ್ದೇವೆ.

ಪರದೇಶದ ಹಾಸು, ನಮ್ಮೂರಿನ ಹುಲ್ಲು

ಕತ್ತರಿಸಿ ಸಮಗೊಳಿಸಿದ ಹುಲ್ಲುಹಾಸು ಇಂಗ್ಲೆಂಡಿನಂಥ ತಂಪು ನಾಡುಗಳಲ್ಲಿ ಬೆಳೆದು ಬಂದ ಅಭಿರುಚಿ. ಅಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಅಷ್ಟಿಷ್ಟು ಮಳೆ ಬೀಳುತ್ತದೆ. ಮೊದಲು ಕುಡುಗೋಲಿನಿಂದ ಕೊಯ್ದು, ಇಲ್ಲವೇ ಕುರಿಗಳಿಂದ ಮೇಯಿಸಿ ಹುಲ್ಲನ್ನು ಗಿಡ್ಡವಾಗಿಡುತ್ತಿದ್ದರು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲಿಷ್ ಯಂತ್ರಜ್ಞನು, ಬಟ್ಟೆಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನೂಲೆಳೆಗಳನ್ನು ಸವರುವ ಯಂತ್ರವನ್ನು ಕಂಡು, ಅದೇ ಮಾದರಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರೂಪಿಸಿದನು. ಅಂದಿನಿಂದ ಹುಲ್ಲುಹಾಸು ಸಾಮಾನ್ಯ ಗೃಹಸ್ಥನ ಅಂಗಳಕ್ಕೂ ಇಳಿಯಿತು.

ನಮ್ಮ ನಾಡಿನ ಸ್ಥಿತಿ ಬೇರೆ. ಇಲ್ಲಿ ಮಳೆ ಬೀಳುವುದು ಕೆಲವೇ ತಿಂಗಳು. ಬಿದ್ದಾಗ ಒಮ್ಮೆಲೇ ಸುರಿಯುತ್ತದೆ. ನಾವು ಬೆಳೆಸುವ ಹುಲ್ಲೂ ಬೇರೆ. ನಮ್ಮ ಹಾಸುಗಳಲ್ಲಿ ಹೆಚ್ಚಿನವು ಗರಿಕೆಯವು. ಹೊಲದಲ್ಲಿ ಯಾವ ಗರಿಕೆಯನ್ನು ರೈತನು ಬೇರುಸಹಿತ ಕಿತ್ತು ಸಾಕಾಗಿ ನಿಟ್ಟುಸಿರಿಡುವನೋ, ಅದೇ ಗರಿಕೆಯನ್ನು ಪಟ್ಟಣದ ಮಗ ಹಣ ಕೊಟ್ಟು ಅಂಗಳಕ್ಕೆ ತಂದು ನೆಡುತ್ತಾನೆ! ಗರಿಕೆಯ ಸ್ವಭಾವವನ್ನು ಅರಿಯದೆ ಅದಕ್ಕೆ ಗೊಬ್ಬರ ಹಾಕಹೊರಡುವುದು ಸರಿಯಲ್ಲ.

ಗರಿಕೆ ಎರಡು ದಾರಿಗಳಲ್ಲಿ ಹಬ್ಬುತ್ತದೆ. ಒಂದು, ನೆಲದ ಮೇಲೆ ಹರಿಯುವ ಹಂಬು. ಇದರ ಪ್ರತಿಯೊಂದು ಗೆಣ್ಣೂ ಮಣ್ಣು ಸೋಕಿದಲ್ಲಿ ಬೇರು ಬಿಡುತ್ತದೆ. ಎರಡು, ನೆಲದೊಳಗೆ ಗುಟ್ಟಾಗಿ ಸಾಗುವ ಬೆಳ್ಳಗಿನ ಗಟ್ಟಿ ಕಾಂಡ. ಇದು ಅಂಚಿನಾಚೆ ಎಲ್ಲೋ ಮೇಲೆದ್ದು ತಲೆ ಹಾಕುತ್ತದೆ. ಮೇಲಿನ ಹಂಬನ್ನು ಕತ್ತರಿಯಿಂದ ಕತ್ತರಿಸಿದ ಮಾತ್ರಕ್ಕೆ ಒಳಗಿನ ಕಾಂಡ ನಿಲ್ಲುವುದಿಲ್ಲ. ಕೊರಿಯನ್ ಹುಲ್ಲೆಂದು ಸಸ್ಯಕ್ಷೇತ್ರಗಳಲ್ಲಿ ಮಾರುವ ನಯವಾದ ಹುಲ್ಲು ನಿಧಾನವಾಗಿ ಹಬ್ಬುವುದಾದರೂ ಅದರ ರೀತಿಯೂ ಇದೇ. ಆದ್ದರಿಂದ ಅಂಚನ್ನು ಸರಿಪಡಿಸುವುದೆಂದರೆ ಮೇಲ್ಮೈಯ ಕ್ಷೌರವಲ್ಲ. ಮಣ್ಣಿನೊಳಗೆ ಮೂರು ನಾಲ್ಕು ಅಂಗುಲ ಇಳಿದು ಮಾಡತಕ್ಕ ಕೆಲಸ.

ಗೊಬ್ಬರಕ್ಕೆ ಮೊದಲೇ ಏಕೆ?

ಗೊಬ್ಬರ ಹಾಕಿದ ಮೇಲೆ ಬಿಡುವಾದಾಗ ಅಂಚು ಕತ್ತರಿಸಿದರಾಯಿತು ಎಂದು ಹೇಳುವವರುಂಟು. ಹಾಗೆ ಮಾಡಬಾರದೆನ್ನುವುದಕ್ಕೆ ಐದು ಕಾರಣಗಳಿವೆ.

ಮೊದಲನೆಯದು ಅಳತೆ. ಗೊಬ್ಬರವನ್ನು ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ತೂಗಿ ಕೊಡಬೇಕು. ಮೇರೆ ತಿಳಿಯದೆ ವಿಸ್ತೀರ್ಣ ತಿಳಿಯದು. 20 ಅಡಿ ಉದ್ದ, 15 ಅಡಿ ಅಗಲದ ಹಾಸಿನ ವಿಸ್ತೀರ್ಣ 300 ಚದರ ಅಡಿ. ಹುಲ್ಲು ನಾಲ್ಕೂ ಕಡೆ ಅರ್ಧರ್ಧ ಅಡಿ ಹೊರಗೆ ಹಬ್ಬಿತೆಂದರೆ ಅದು 21ಕ್ಕೆ 16 ಅಡಿಯಾಗಿ, 336 ಚದರ ಅಡಿಗೆ ಏರುತ್ತದೆ. ನೂರಕ್ಕೆ ಹನ್ನೆರಡರಷ್ಟು ಗೊಬ್ಬರ, ಅಷ್ಟೇ ನೀರು, ನಮಗೆ ಬೇಡವಾದ ಜಾಗಕ್ಕೆ ಸಲ್ಲುತ್ತದೆ.

ಎರಡನೆಯದು, ನುಗ್ಗಿದ ಹುಲ್ಲಿಗೆ ಉಣಿಸಿದರೆ ಅದು ಇನ್ನಷ್ಟು ನುಗ್ಗುತ್ತದೆ. ಗುಲಾಬಿಯ ಪಾತಿಯೊಳಗೆ ಕಾಲಿಟ್ಟ ಗರಿಕೆಗೆ ಸಾರಜನಕ ದೊರೆತರೆ ಹದಿನೈದು ದಿನಗಳಲ್ಲಿ ಅದು ಗುಲಾಬಿಯ ಬುಡವನ್ನೇ ಹಿಡಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಮೂರನೆಯದು, ಕಡಿದ ಗಾಯ ಮಾಯುವ ಕಾಲ. ಅಂಚು ಕಡಿದಾಗ ಹುಲ್ಲಿನ ಬೇರುಗಳೂ ಕಾಂಡಗಳೂ ತುಂಡಾಗುತ್ತವೆ. ಆ ಬಳಿಕ ಕೆಲವು ದಿನಗಳಲ್ಲಿ ಮಿತವಾದ ಪೋಷಣೆ ದೊರೆತರೆ ಕಡಿದ ಅಂಚು ಒಳಗಿನಿಂದ ದಟ್ಟವಾಗಿ ಚಿಗುರುತ್ತದೆ. ಗೊಬ್ಬರ ಮೊದಲಾಗಿ ಕಡಿತ ಆಮೇಲಾದರೆ, ಆಗತಾನೆ ಉಂಡು ಬೆಳೆದ ಎಳೆಯ ಚಿಗುರನ್ನೇ ಕಡಿದು ಬಿಸಾಡಿದಂತಾಗುತ್ತದೆ.

ನಾಲ್ಕನೆಯದು ದನಕರುಗಳ ಮಾತು. ಅಂಚಿನಿಂದ ತೆಗೆದ ಗರಿಕೆ ಒಳ್ಳೆಯ ಮೇವು. ಗೊಬ್ಬರಕ್ಕೆ ಮೊದಲು ತೆಗೆದರೆ ಮಣ್ಣು ಕೊಡವಿ ಧೈರ್ಯವಾಗಿ ಹಸುವಿನ ಮುಂದಿಡಬಹುದು. ಯೂರಿಯಾ ಎರಚಿದ ಮೇಲೆ ತೆಗೆದ ಹುಲ್ಲಿನಲ್ಲಿ ಕಾಳುಗಳು ಅಂಟಿಕೊಂಡಿರಬಹುದು. ಹಸು ಯೂರಿಯಾವನ್ನು ಹೆಚ್ಚಾಗಿ ತಿಂದರೆ ಅದರ ಹೊಟ್ಟೆಯಲ್ಲಿ ಅಮೋನಿಯಾ ಬೇಗನೆ ಉತ್ಪತ್ತಿಯಾಗಿ, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಯೂರಿಯಾ ಚೀಲವನ್ನು ಕೊಟ್ಟಿಗೆಯ ಹತ್ತಿರ ಇಡಲೇಬಾರದು. ಯೂರಿಯಾ ಕರಗಿಸಿದ ಬಕೆಟ್ಟಿನಲ್ಲಿ ಹಸುವಿಗೆ ನೀರು ಕುಡಿಸಲೂಬಾರದು.

ಐದನೆಯದೂ ಮುಖ್ಯವಾದದ್ದೂ ನೀರಿನ ಪ್ರಶ್ನೆ. ಹಾಸು ಮತ್ತು ಗಚ್ಚುನೆಲದ ನಡುವೆ ಸ್ಪಷ್ಟವಾದ ಅಂಚು ಇಲ್ಲದಿದ್ದರೆ ಗೊಬ್ಬರದ ಕಾಳುಗಳು ಸಿಮೆಂಟಿನ ಮೇಲೆ, ಚಪ್ಪಡಿಗಳ ಮೇಲೆ ಬೀಳುತ್ತವೆ. ಮಣ್ಣಿನ ಮೇಲೆ ಬಿದ್ದ ಕಾಳಿಗೆ ಬೇರು ಕಾದಿರುತ್ತದೆ. ಸಿಮೆಂಟಿನ ಮೇಲೆ ಬಿದ್ದ ಕಾಳಿಗೆ ಮಳೆಯೊಂದೇ ದಾರಿ. ಮೊದಲ ಮಳೆಗೆ ಅದು ಕರಗಿ ಚರಂಡಿಗೆ, ಚರಂಡಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಸೇರುತ್ತದೆ.

ಕೆರೆಯ ಹಸಿರು, ಬಾವಿಯ ನೀರು

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹೊತ್ತಿಕೊಂಡುದನ್ನೂ, 2018ರ ಜನವರಿಯಲ್ಲಿ ಆ ಕೆರೆಯಂಗಳ ಮತ್ತೆ ಉರಿದುದನ್ನೂ ನಾಡೆಲ್ಲ ಕಂಡಿತು. ಆ ಕೆರೆಯ ದುರ್ಗತಿಗೆ ಮುಖ್ಯ ಕಾರಣ ಶುದ್ಧೀಕರಿಸದೆ ಬಿಟ್ಟ ಕೊಳಚೆನೀರೇ ಹೊರತು ಅಂಗಳದ ಗೊಬ್ಬರವಲ್ಲ. ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಕೊಳಚೆನೀರಿನಲ್ಲಿ ಕೆರೆಯನ್ನು ಕೆಡಿಸುವ ವಸ್ತುಗಳಲ್ಲಿ ಸಾರಜನಕ ಮತ್ತು ರಂಜಕಗಳೇ ಪ್ರಮುಖವಾದುವು. ಗೊಬ್ಬರದ ಚೀಲದಲ್ಲಿರುವುದೂ ಅವೇ. ಅವು ನೀರಿಗೆ ಸೇರಿದಲ್ಲಿ ಪಾಚಿಯೂ ಅಂತರಗಂಗೆಯೂ ಸೊಕ್ಕಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಬಡಾವಣೆಯ ಒಬ್ಬೊಬ್ಬರು ಒಂದೊಂದು ಹಿಡಿ ಚೆಲ್ಲಿದರೂ ಕೆರೆಗೆ ಅದು ಒಟ್ಟಾಗಿಯೇ ಬಂದು ಸೇರುತ್ತದೆ.

ಹತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿರುವ ಅಮೆರಿಕದ ಮಿನ್ನೆಸೋಟ ರಾಜ್ಯ ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡಿತು. 2002ರಲ್ಲಿ ಅಲ್ಲಿ ಮಾಡಿದ ಕಾಯಿದೆಯೊಂದು, ಮಣ್ಣಿನ ಪರೀಕ್ಷೆಯಿಂದ ಕೊರತೆ ಕಂಡುಬಂದಲ್ಲಿ ಅಥವಾ ಹೊಸದಾಗಿ ಹಾಸನ್ನು ಬೆಳೆಸುವಲ್ಲಿ ಹೊರತು, ಮನೆಯ ಹುಲ್ಲುಹಾಸಿಗೆ ರಂಜಕದ ಗೊಬ್ಬರವನ್ನು ನಿರ್ಬಂಧಿಸಿತು. 2005ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಅನ್ವಯವಾಯಿತು. ಕಾಲುದಾರಿ, ರಸ್ತೆಗಳಂಥ ಗಟ್ಟಿ ನೆಲದ ಮೇಲೆ ಬಿದ್ದ ಗೊಬ್ಬರವನ್ನು ಕೂಡಲೇ ಗುಡಿಸಿ ತೆಗೆಯಬೇಕೆಂಬ ನಿಯಮವೂ ಅದರಲ್ಲಿದೆ. ಅಲ್ಲಿ ಕಾಯಿದೆ ಹೇಳಿದ್ದನ್ನು ಇಲ್ಲಿ ನಾವು ವಿವೇಕದಿಂದ ಮಾಡಬಾರದೇಕೆ?

ಮನೆಯಂಗಳದಲ್ಲಿ ತೆರೆದ ಬಾವಿ ಅಥವಾ ಕೊಳವೆಬಾವಿ ಇದ್ದವರು ಇನ್ನೊಂದು ಮಾತನ್ನು ಗಮನಿಸಬೇಕು. ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ಕ್ರಮೇಣ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟ್ ಮಣ್ಣಿನ ಕಣಗಳಿಗೆ ಅಂಟಿ ನಿಲ್ಲದೆ ನೀರಿನೊಡನೆ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಸಂಸ್ಥೆ ನಿಗದಿಪಡಿಸಿದೆ. ಇದು ಮೀರಿದ ನೀರಿನಲ್ಲಿ ಹಾಲುಪುಡಿ ಕಲಸಿ ಕುಡಿಸಿದರೆ, ಹಸುಳೆಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವ ಅಪಾಯವಿದೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಆದುದರಿಂದ ಬಾವಿಯ ಸುತ್ತ ಹತ್ತು ಹದಿನೈದು ಅಡಿಯಾದರೂ ರಾಸಾಯನಿಕ ಗೊಬ್ಬರವನ್ನು ತರದಿರುವುದು ಲೇಸು. ಹುಲ್ಲುಹಾಸಿನ ಮೇರೆಯನ್ನೂ ಅಷ್ಟು ದೂರದಲ್ಲಿಯೇ ಎಳೆಯಬೇಕು.

ಅಂಚು ಕತ್ತರಿಸುವ ಬಗೆ

ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಒಂದು ಹರಿತವಾದ ಚಪ್ಪಟೆ ಸನಿಕೆ, ಒಂದು ಕುರ್ಪಿ, ನಾಲ್ಕು ಗೂಟ, ಒಂದು ಹುರಿ, ಒಂದು ಬುಟ್ಟಿ, ಒಂದು ಪೊರಕೆ ಸಾಕು. ತೋಟಗಾರಿಕೆಯ ಸಾಮಾನು ಮಾರುವ ಅಂಗಡಿಗಳಲ್ಲಿ ಅರ್ಧಚಂದ್ರಾಕಾರದ ಅಲಗುಳ್ಳ, ಉದ್ದ ಹಿಡಿಯ ಅಂಚುಗತ್ತರಿಯೂ ದೊರೆಯುತ್ತದೆ. ದೊಡ್ಡ ಆವರಣಗಳಿಗೆ ಅದು ಅನುಕೂಲ.

ಮಣ್ಣು ಹದವಾಗಿರುವ ದಿನವನ್ನು ಆರಿಸಿಕೊಳ್ಳಬೇಕು. ಒಣಗಿ ಬಿರುಕು ಬಿಟ್ಟ ನೆಲದಲ್ಲಿ ಸನಿಕೆ ಇಳಿಯದು. ಕೆಸರಾದ ನೆಲದಲ್ಲಿ ಅಂಚು ನಿಲ್ಲದೆ ಕುಸಿಯುತ್ತದೆ. ಮಳೆ ಬಂದು ಒಂದೆರಡು ದಿನ ಕಳೆದ ಮೇಲೆ, ಅಥವಾ ಹಿಂದಿನ ಸಂಜೆ ನೀರು ಹಾಯಿಸಿ, ಈ ಕೆಲಸಕ್ಕೆ ತೊಡಗಬಹುದು. ಉತ್ತರ ಕರ್ನಾಟಕದ ಎರೆಮಣ್ಣಿನ ಅಂಗಳಗಳಲ್ಲಿ ಈ ಹದ ಬೇಗನೆ ತಪ್ಪಿಹೋಗುವುದರಿಂದ ಅಲ್ಲಿಯವರು ಮಳೆ ನಿಂತೊಡನೆ ಮಣ್ಣನ್ನು ಕೈಯಲ್ಲಿ ಹಿಡಿದು ನೋಡುತ್ತಿರಬೇಕು. ಮುದ್ದೆ ಕಟ್ಟಿ ಬೆರಳಿಗೆ ಅಂಟದಿದ್ದರೆ ಅದೇ ಹದ.

ಮೊದಲು ಗೆರೆ ಎಳೆಯಬೇಕು. ನೇರ ಅಂಚಿಗೆ ಎರಡು ಗೂಟ ನೆಟ್ಟು ಹುರಿಯನ್ನು ಬಿಗಿಯಾಗಿ ಕಟ್ಟಬೇಕು. ಬಾಗಿದ ಅಂಚಿಗೆ ನೀರಿನ ಕೊಳವೆಯನ್ನು ನೆಲದ ಮೇಲೆ ಬೇಕಾದ ಬಾಗಿಗೆ ಹಾಸಿ, ಅದರ ಗುಂಟ ರಂಗೋಲಿಪುಡಿಯನ್ನು ಬಿಟ್ಟರೆ ಗೆರೆ ಮೂಡುತ್ತದೆ. ಈ ಕೆಲಸವನ್ನು ಮನೆಯ ಹೆಣ್ಣುಮಕ್ಕಳಿಗಿಂತ ಅಂದವಾಗಿ ಮಾಡುವವರಿಲ್ಲ. ಗೆರೆ ಎಳೆಯುವ ಮುನ್ನ ನೆಲದಡಿ ವಿದ್ಯುತ್ ತಂತಿ, ನೀರಿನ ಕೊಳವೆ ಹಾದುಹೋಗಿದೆಯೇ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು. ಅಂಗಳದಲ್ಲಿ ದೀಪದ ಕಂಬಗಳಿದ್ದಲ್ಲಿ ಈ ಎಚ್ಚರ ಇನ್ನೂ ಅಗತ್ಯ.

ಬಳಿಕ ಸನಿಕೆಯನ್ನು ಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕಾಲಿನಿಂದ ಒತ್ತಿ ಮೂರು ನಾಲ್ಕು ಅಂಗುಲ ಇಳಿಸಬೇಕು. ಹಾಸಿನ ಕಡೆಯ ಗೋಡೆ ನೇರವಾಗಿರಲಿ. ಪಾತಿಯ ಕಡೆಯಿಂದ ಓರೆಯಾಗಿ ಇನ್ನೊಂದು ಕಡಿತ ಕೊಟ್ಟು ನಡುವಿನ ಮಣ್ಣನ್ನೂ ಹುಲ್ಲನ್ನೂ ಎತ್ತಿದರೆ, ಕೈಯಗಲದ ಸಣ್ಣ ತೋಡು ಉಳಿಯುತ್ತದೆ. ಹಂಬು ಈ ತೋಡಿನ ಅಂಚಿಗೆ ಬಂದು ಗಾಳಿಯಲ್ಲಿ ತೂಗುತ್ತದೆ. ಬೇರೂರಲು ಮಣ್ಣು ಸಿಗದ ಕಾರಣ ಅದನ್ನು ತಿಂಗಳಿಗೊಮ್ಮೆ ಕತ್ತರಿಯಿಂದ ಸವರಿದರೆ ಸಾಕು. ಒಳಗಿನ ಕಾಂಡ ಬೆಳ್ಳಗೆ ಕಾಣಿಸಿದಲ್ಲಿ ಅದನ್ನು ಕುರ್ಪಿಯಿಂದ ಬಿಡಿಸಿ ತೆಗೆಯಬೇಕು.

ಗಚ್ಚುನೆಲದ ಕಡೆ ತೋಡು ಬೇಕಾಗಿಲ್ಲ. ಚಪ್ಪಡಿಯ ಅಂಚಿಗೆ ಸನಿಕೆಯ ಅಲಗನ್ನು ಒರಗಿಸಿ ಹುಲ್ಲನ್ನು ಕಡಿದು, ಹಾಸಿನ ಮಣ್ಣು ಚಪ್ಪಡಿಗಿಂತ ಒಂದು ಅಂಗುಲ ತಗ್ಗಿರುವಂತೆ ಮಾಡಬೇಕು. ಹಾಗಿದ್ದಲ್ಲಿ ಮಳೆಯ ನೀರು ಹಾಸಿನಿಂದ ಗಚ್ಚಿಗೆ ಹರಿಯದೆ ಮಣ್ಣಿನಲ್ಲಿಯೇ ಇಂಗುತ್ತದೆ.

ಇಳಿಜಾರಿನ ಅಂಗಳದಲ್ಲಿ ಒಂದು ಸೂಕ್ಷ್ಮವಿದೆ. ಅಂಚಿನ ತೋಡನ್ನು ಉದ್ದಕ್ಕೂ ಒಂದೇ ಸಮನೆ ತೆಗೆದು ಚರಂಡಿಗೆ ಕೂಡಿಸಿದರೆ ಅದೇ ಕಾಲುವೆಯಾಗಿ, ಮಣ್ಣನ್ನೂ ಗೊಬ್ಬರವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹೊಲದ ಇಳಿಜಾರಿಗೆ ಅಡ್ಡಬದು ಹಾಕುವಂತೆ, ತೋಡಿನಲ್ಲಿಯೂ ನಾಲ್ಕೈದು ಅಡಿಗೊಂದು ಕಡೆ ಮಣ್ಣನ್ನು ಕಡಿಯದೆ ಬಿಡಬೇಕು. ತೋಡಿನೊಳಗೆ ಒಣ ಎಲೆ ಅಥವಾ ತೆಂಗಿನ ನಾರನ್ನು ತುಂಬಿಸಬೇಕು. ನೀರು ಅಲ್ಲಲ್ಲಿಯೇ ನಿಂತು ಇಂಗುತ್ತದೆ.

ಮರಗಳ ಬುಡದ ಸುತ್ತ ಒಂದೆರಡು ಅಡಿಯ ವೃತ್ತವನ್ನು ಹುಲ್ಲಿಲ್ಲದಂತೆ ಬಿಡಿಸಬೇಕು. ಹುಲ್ಲು ಕತ್ತರಿಸುವ ಯಂತ್ರ ತಗುಲಿ ಮಾವು, ಸಂಪಿಗೆ, ಹೊಂಗೆಯಂಥ ಎಳೆಯ ಮರಗಳ ತೊಗಟೆ ಸುಲಿಯುವುದು ಇದರಿಂದ ತಪ್ಪುತ್ತದೆ. ತೊಗಟೆ ಸುತ್ತಲೂ ಸುಲಿದ ಮರ ಉಳಿಯುವುದಿಲ್ಲ.

ಅಂಚಿನಲ್ಲಿ ಅಡಗಿದವರು

ಕಳೆಗಳಿಗೆ ಹುಲ್ಲುಹಾಸಿನ ಅಂಚೇ ಹೆಬ್ಬಾಗಿಲು. ಜೇಕು ಇಲ್ಲಿಂದಲೇ ಒಳಗೆ ಬರುತ್ತದೆ. ಅದರ ಎಲೆಯನ್ನು ಕಿತ್ತರೆ ಪ್ರಯೋಜನವಿಲ್ಲ. ನೆಲದೊಳಗೆ ಸರಪಣಿಯಂತೆ ಹೆಣೆದುಕೊಂಡ ಸಣ್ಣ ಗಡ್ಡೆಗಳನ್ನು ಕುರ್ಪಿಯಿಂದ ಅಗೆದು ಆರಿಸಬೇಕು. ಕಾಂಗ್ರೆಸ್ ಕಳೆಯೆಂದು ಜನ ಕರೆಯುವ ಪಾರ್ಥೇನಿಯಂ ಗಿಡವನ್ನು ಹೂ ಬಿಡುವುದಕ್ಕೆ ಮುನ್ನವೇ ಬೇರುಸಹಿತ ಕೀಳಬೇಕು. ಅದು ಚರ್ಮಕ್ಕೆ ತುರಿಕೆಯನ್ನೂ ಕೆಲವರಿಗೆ ಉಬ್ಬಸವನ್ನೂ ತರುವುದರಿಂದ ಬರಿಗೈಯಲ್ಲಿ ಮುಟ್ಟಬಾರದು.

ಕಡಿದ ಗರಿಕೆಯನ್ನು ಹಸಿಯಾಗಿಯೇ ತಿಪ್ಪೆಗೆ ಎಸೆದರೆ ಅದು ಅಲ್ಲಿಯೂ ಬೇರೂರಿ, ಗೊಬ್ಬರದೊಡನೆ ಮರಳಿ ಪಾತಿಗೆ ಬರುತ್ತದೆ. ಹಸುವಿಗೆ ಹಾಕದಿದ್ದ ಪಕ್ಷದಲ್ಲಿ ಬಂಡೆಯ ಮೇಲೆ ಅಥವಾ ತಾರಸಿಯ ಮೇಲೆ ಚೆನ್ನಾಗಿ ಒಣಗಿಸಿ ಆಮೇಲೆ ಗುಂಡಿಗೆ ಹಾಕಬೇಕು.

ಕಾಂಪೌಂಡು ಗೋಡೆಯ ಗುಂಟ ಬೆಳೆದು ನಿಂತ ಅಂಚಿನ ಹುಲ್ಲಿನಲ್ಲಿ ಹಾವು, ಚೇಳುಗಳು ಅಡಗಿರುವುದುಂಟು. ಮುಂಗಾರಿನ ದಿನಗಳಲ್ಲಿ ಅವುಗಳ ಓಡಾಟವೂ ಹೆಚ್ಚು. ಕೋಲಿನಿಂದ ಬಡಿದು ಸದ್ದು ಮಾಡಿದ ಬಳಿಕವೇ ಕೈಹಾಕಬೇಕು. ಮುಚ್ಚಿದ ಬೂಟು, ಕೈಗವಸು ಧರಿಸಬೇಕು. ಮಾಲಿಯಿಂದ ಈ ಕೆಲಸ ಮಾಡಿಸುವವರು ಅವನಿಗೂ ಅವುಗಳನ್ನು ಕೊಡಿಸುವುದು ಯಜಮಾನನ ಧರ್ಮ. ನಮ್ಮ ಮಗನ ಕಾಲಿಗೆ ಬೂಟು ಬೇಕೆನ್ನುವ ನಾವು, ಮಾಲಿಯ ಬರಿಗಾಲನ್ನು ಕಂಡೂ ಕಾಣದಂತಿರಬಾರದು. ತುಕ್ಕು ಹಿಡಿದ ಅಲಗು ತಗುಲಿ ಗಾಯವಾದರೆ ಸೋಪಿನ ನೀರಿನಲ್ಲಿ ತೊಳೆದು, ವೈದ್ಯರಲ್ಲಿಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವನ್ನು ಕೇಳಬೇಕು.

ಗೊಬ್ಬರದ ಲೆಕ್ಕ

ಅಂಚು ಸಿದ್ಧವಾಗಿ ಕಸಕಡ್ಡಿ ತೆಗೆದ ಮೇಲೆ ಒಮ್ಮೆ ನೀರುಣಿಸಿ, ಮೂರು ನಾಲ್ಕು ದಿನ ಹಾಸಿಗೆ ವಿಶ್ರಾಂತಿ ಕೊಡಬೇಕು. ಕಡಿದ ಬೇರಿನ ಮೇಲೆ ಅಂದೇ ಉಪ್ಪಿನಂಥ ಗೊಬ್ಬರ ಬಿದ್ದರೆ ಅಂಚು ಸುಡುತ್ತದೆ. ರಾಸಾಯನಿಕ ಗೊಬ್ಬರವೆಂದರೆ ಒಂದು ಬಗೆಯ ಲವಣವೇ. ಉಪ್ಪಿನಕಾಯಿಗೆ ಹಾಕಿದ ಉಪ್ಪು ಮಾವಿನ ಹೋಳಿನಿಂದ ನೀರನ್ನು ಹೊರಗೆಳೆಯುವಂತೆ, ಹೆಚ್ಚಾದ ಗೊಬ್ಬರ ಬೇರಿನಿಂದ ನೀರನ್ನು ಹೊರಗೆಳೆಯುತ್ತದೆ. ಹುಲ್ಲು ಹಳದಿಗಟ್ಟಿ ಒಣಗುವುದು ಇದರಿಂದಲೇ. ಅತಿಯಾದರೆ ಅಮೃತವೂ ವಿಷ.

ಒಂದು ಚದರ ಮೀಟರಿಗೆ ಒಂದು ಸಲಕ್ಕೆ 5 ಗ್ರಾಂ ಸಾರಜನಕ ಎಂಬುದು ಮೀರಬಾರದ ಮಿತಿ. ಯೂರಿಯಾದಲ್ಲಿ ನೂರಕ್ಕೆ 46ರಷ್ಟು ಸಾರಜನಕವಿರುವುದರಿಂದ ಇದು ಸುಮಾರು 10 ಗ್ರಾಂ ಯೂರಿಯಾಕ್ಕೆ ಸಮ. ಮೇಲೆ ಹೇಳಿದ 300 ಚದರ ಅಡಿಯ ಹಾಸು ಸುಮಾರು 28 ಚದರ ಮೀಟರು; ಅದಕ್ಕೆ 280 ಗ್ರಾಂ ಮೀರಬಾರದು, ಅರ್ಧ ಪ್ರಮಾಣವಾದ 140 ಗ್ರಾಂ ಕೊಟ್ಟರೆ ಇನ್ನೂ ಕ್ಷೇಮ. ತಕ್ಕಡಿಯಲ್ಲಿ ತೂಗದೆ ಕೈಯಳತೆಯಲ್ಲಿ ಎರಚಬಾರದು. 17:17:17 ಎಂಬ ಮಿಶ್ರಗೊಬ್ಬರವಾದರೆ ಚದರ ಮೀಟರಿಗೆ 30 ಗ್ರಾಂ ಪರಮಾವಧಿ. ಆದರೆ ಅದರಲ್ಲಿ ರಂಜಕವೂ ಇದೆ. ಬೆಳೆದು ನಿಂತ ಹಾಸಿಗೆ ರಂಜಕದ ಅಗತ್ಯ ಕಡಿಮೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣನ್ನು ಪರೀಕ್ಷೆ ಮಾಡಿಸಿ ಕೊರತೆಯಿದೆಯೆಂದು ತಿಳಿದರೆ ಮಾತ್ರ ಅದನ್ನು ಕೊಡುವುದು ಸರಿ.

ನಮ್ಮ ಅಭಿಪ್ರಾಯದಲ್ಲಿ ಅಂಗಳದ ಹುಲ್ಲಿಗೆ ಹಿಂಡಿ ಮತ್ತು ಎರೆಗೊಬ್ಬರಗಳೇ ಉತ್ತಮ. ಯೂರಿಯಾಕ್ಕೆ ಸರ್ಕಾರ ಕೊಡುವ ಸಹಾಯಧನ ರೈತನ ಬೆಳೆಗಾಗಿ ಇರುವುದು. ನಮ್ಮ ನೋಟದ ಹುಲ್ಲಿಗಾಗಿ ಅಲ್ಲ. ಬಿತ್ತನೆಯ ಕಾಲದಲ್ಲಿ ಒಂದು ಚೀಲಕ್ಕಾಗಿ ಹಳ್ಳಿಯ ನಮ್ಮ ಅಣ್ಣತಮ್ಮಂದಿರು ಸೊಸೈಟಿಯ ಮುಂದೆ ಸಾಲುಗಟ್ಟುವಾಗ ಈ ಮಾತು ನೆನಪಿರಬೇಕು. ಬೇವಿನ ಹಿಂಡಿಯಲ್ಲಿ ನೂರಕ್ಕೆ ಸುಮಾರು 5ರಷ್ಟು ಸಾರಜನಕವಿದ್ದು, 10 ಚದರ ಮೀಟರಿಗೆ ಒಂದು ಕಿಲೋ ಪುಡಿ ಸಾಕು. ಇದು ನಿಧಾನವಾಗಿ ಕರಗುವುದರಿಂದ ಸುಡುವ ಭಯವೂ ಕೊಚ್ಚಿಹೋಗುವ ಭಯವೂ ಕಡಿಮೆ. ಜರಡಿ ಹಿಡಿದ ಎರೆಗೊಬ್ಬರವನ್ನು ಚದರ ಮೀಟರಿಗೆ ಅರ್ಧ ಕಿಲೋದಂತೆ ತೆಳ್ಳಗೆ ಹರಡಿ ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಸಬಹುದು.

ಒಂದೇ ಬಗೆಯ ರಾಸಾಯನಿಕ ಗೊಬ್ಬರವನ್ನು ವರ್ಷವರ್ಷವೂ ಹಾಕಿದರೆ ನೆಲ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹುಲ್ಲುಗಾವಲೊಂದು ಸಾಕ್ಷಿಯಾಗಿದೆ. 1856ರಲ್ಲಿ ಅಲ್ಲಿ ಆರಂಭವಾದ ಪ್ರಯೋಗ ಇಂದಿಗೂ ನಡೆಯುತ್ತಿದೆ. ಏನೂ ಹಾಕದೆ ಬಿಟ್ಟ ತುಂಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ಜಾತಿಯ ಹುಲ್ಲು, ಗಿಡಮೂಲಿಕೆಗಳು ಬೆಳೆಯುತ್ತಿವೆ. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಹಾಕುತ್ತ ಬಂದ ತುಂಡುಗಳಲ್ಲಿ ಮಣ್ಣು ಹುಳಿಯಾಗಿ, ಎರಡು ಮೂರು ಜಾತಿಗಳಷ್ಟೇ ಉಳಿದಿವೆ.

ಎರಚುವ ಕ್ರಮ ಮತ್ತು ಕಾಲ

ಎಲೆ ಒಣಗಿರಬೇಕು, ಮಣ್ಣು ಹಸಿಯಾಗಿರಬೇಕು. ತೂಗಿದ ಗೊಬ್ಬರವನ್ನು ನಾಲ್ಕೈದು ಪಟ್ಟು ಒಣ ಮರಳಿನೊಡನೆ ಬೆರೆಸಿ ಎರಡು ಪಾಲು ಮಾಡಬೇಕು. ಒಂದು ಪಾಲನ್ನು ಉದ್ದುದ್ದಕ್ಕೂ, ಇನ್ನೊಂದನ್ನು ಅಡ್ಡಡ್ಡಕ್ಕೂ ನಡೆಯುತ್ತ ಎರಚಿದರೆ ಎಲ್ಲೆಡೆಯೂ ಸಮನಾಗಿ ಬೀಳುತ್ತದೆ. ಅಂಚಿನಿಂದ ಒಂದು ಗೇಣಿನಷ್ಟು ಒಳಗೆ ನಿಲ್ಲಿಸಿ, ಉಳಿದ ಪಟ್ಟಿಗೆ ಬಾಗಿ ಕೈಯಿಂದ ಹೊರಗಿನಿಂದ ಒಳಮುಖವಾಗಿ ಉದುರಿಸಬೇಕು. ಗಚ್ಚಿನ ಮೇಲೆ ಬಿದ್ದ ಕಾಳುಗಳನ್ನು ನೀರಿನಿಂದ ತೊಳೆಯದೆ ಪೊರಕೆಯಿಂದ ಗುಡಿಸಿ ಹಾಸಿಗೇ ಮರಳಿಸಬೇಕು. ಕೂಡಲೇ ಹದವಾಗಿ ನೀರು ಕೊಡಬೇಕು. ಯೂರಿಯಾ ಮೇಲೆಯೇ ಉಳಿದರೆ ಅದರ ಸಾರಜನಕ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರಿಹೋಗುತ್ತದೆ. ನೀರು ಹೆಚ್ಚಾಗಿ ಹರಿದರೆ ಗೊಬ್ಬರವೂ ಹರಿಯುತ್ತದೆ. ಮಕ್ಕಳನ್ನು ಕಾಳು ಕರಗುವ ತನಕ ಹುಲ್ಲಿನ ಮೇಲೆ ಆಡಗೊಡಬಾರದು.

ಮುಂಗಾರಿನ ಸಿದ್ಧತೆಗೆ ರೋಹಿಣಿ ಮಳೆಯ ಹೊತ್ತು ಪ್ರಶಸ್ತ. ಮೇ ತಿಂಗಳ ಕೊನೆಯ ವಾರದಲ್ಲಿ ಹದವಾದ ನೆಲದಲ್ಲಿ ಅಂಚು ತೆಗೆದು, ಮೃಗಶಿರಾ ಕೂಡುವ ಹೊತ್ತಿಗೆ ಗೊಬ್ಬರ ಕೊಡಬಹುದು. ಆಕಾಶ ಕಪ್ಪಾಗಿ ಜಡಿಮಳೆಯ ಸೂಚನೆಯಿರುವ ದಿನ ಮಾತ್ರ ಗೊಬ್ಬರದ ಚೀಲವನ್ನು ಬಿಚ್ಚಬಾರದು. ಮಲೆನಾಡು ಕರಾವಳಿಗಳಲ್ಲಿ ಮುಂಗಾರಿನ ಅಬ್ಬರ ಇಳಿಯುವ ತನಕ ಕಾಯುವುದೇ ಮೇಲು. ಎರಡನೆಯ ಬಾರಿ, ಮಳೆಗಳು ತಗ್ಗುವ ಹೊತ್ತಿಗೆ ಅಂಚನ್ನು ಸವರಿ ಲಘುವಾಗಿ ಕೊಡಬಹುದು. ಚಳಿಗಾಲದಲ್ಲಿ ಗರಿಕೆಯ ಬೆಳವಣಿಗೆ ನಿಧಾನವಾಗುತ್ತದೆ. ಆಗ ಕೊಟ್ಟದ್ದು ವ್ಯರ್ಥ. ಕಡುಬೇಸಗೆಯಲ್ಲಿ ನೀರಿಲ್ಲದೆ ಗೊಬ್ಬರ ಕೊಡುವುದು ಹುಲ್ಲಿಗೆ ಶಿಕ್ಷೆ.

ಮೇರೆಯನ್ನು ಒಳಕ್ಕೆ ಎಳೆಯುವ ಧೈರ್ಯ

ಕೊನೆಯದಾಗಿ ಒಂದು ಮಾತು. 2024ರ ಮಾರ್ಚ್ ತಿಂಗಳಲ್ಲಿ ನೀರಿನ ತೀವ್ರ ಅಭಾವ ಕಂಡಾಗ, ಬೆಂಗಳೂರಿನ ಜಲಮಂಡಳಿ ಕೈತೋಟಕ್ಕೂ ವಾಹನ ತೊಳೆಯುವುದಕ್ಕೂ ಕುಡಿಯುವ ನೀರನ್ನು ಬಳಸಬಾರದೆಂದು ಆಜ್ಞೆ ಮಾಡಿ, ಮೀರಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಒಂದು ಬಡಾವಣೆಯಲ್ಲಿ ಜನ ಕೊಡಗಳನ್ನು ಸಾಲಾಗಿ ಇಟ್ಟು ಟ್ಯಾಂಕರಿಗಾಗಿ ಕಾಯುತ್ತಿರುವಾಗ ಪಕ್ಕದ ಅಂಗಳದಲ್ಲಿ ಹುಲ್ಲಿಗೆ ನೀರು ಚಿಮ್ಮುವುದು ಶೋಭೆಯಲ್ಲ.

ಅದಕ್ಕೆಂದೇ, ಪ್ರತಿವರ್ಷ ಅಂಚಿನ ಗೆರೆ ಎಳೆಯುವ ದಿನ ಗೃಹಸ್ಥನು ತನ್ನನ್ನು ತಾನು ಕೇಳಿಕೊಳ್ಳಬೇಕು: ಈ ಹಾಸು ಇಷ್ಟು ದೊಡ್ಡದಾಗಿರಬೇಕೇ? ಸ್ನಾನದ ಮನೆಯ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಬಳಸಿ ಎಷ್ಟನ್ನು ಸಾಕಬಲ್ಲೆವೋ ಅಷ್ಟನ್ನೇ ಇಟ್ಟುಕೊಂಡು, ಹುರಿಯನ್ನು ಎರಡಡಿ ಒಳಕ್ಕೆ ಕಟ್ಟಬಹುದು. ಬಿಟ್ಟ ಜಾಗದಲ್ಲಿ ದಾಸವಾಳ, ಕಣಗಿಲೆ, ತುಂಬೆ, ಕರಿಬೇವು, ನಿಂಬೆಗಳನ್ನು ಬೆಳೆಸಬಹುದು. ಇವು ಕಡಿಮೆ ನೀರಿನಲ್ಲಿಯೂ ಬದುಕುತ್ತವೆ. ಪೂಜೆಗೆ ಹೂವನ್ನೂ ಅಡಿಗೆಗೆ ಎಲೆಯನ್ನೂ ಕೊಡುತ್ತವೆ. ಆದರೆ ಕಣಗಿಲೆ ವಿಷದ ಗಿಡವಾದ್ದರಿಂದ ದನಕರು, ಮಕ್ಕಳಿಗೆ ಎಟುಕದ ಕಡೆಯಲ್ಲಿರಬೇಕು.

ಉಳಿದ ಹಾಸು ಚಿಕ್ಕದಾದರೂ ಅಚ್ಚುಕಟ್ಟಾಗಿರಲಿ. ಅದಕ್ಕೆ ಸಲ್ಲಬೇಕಾದ ಗೊಬ್ಬರ ಅದಕ್ಕೇ ಸಲ್ಲಲಿ, ಬಾವಿಯ ನೀರು ತಿಳಿಯಾಗಿರಲಿ, ಊರ ಕೆರೆಗೆ ನಮ್ಮ ಅಂಗಳದಿಂದ ಕೇಡು ಹರಿಯದಿರಲಿ. ಈ ರೋಹಿಣಿಗೆ ಓದುಗ ಬಂಧುಗಳು ಚೀಲವನ್ನು ಬಿಚ್ಚುವ ಮುನ್ನ ಸನಿಕೆಯನ್ನು ಕೈಗೆತ್ತಿಕೊಳ್ಳಲಿ ಎಂಬುದೇ ನಮ್ಮ ಆಶಯ.